ಊರು ನಗರವಾದುದು ಹೇಗೆ?

ಬೆಳ್ತಂಗಡಿ ತಾಲ್ಲೂಕಿನ ನೆರಿಯ, ಪಶ್ಚಿಮ ಘಟ್ಟದ ಬುಡದಲ್ಲಿರುವ ಗ್ರಾಮ. ತುಳುನಾಡಿನ ಇತರ ಹಳ್ಳಿಗಳಂತೆ ಇಲ್ಲಿಯೂ ಅವರವರ ತೋಟ, ಅವರವರ ಗದ್ದೆಯ ಬದಿಯಲ್ಲಿ ಅವರವರ ಮನೆ. ನೀರು, ಸೊಪ್ಪು, ಸೌದೆ ಅಂಗಳದ ಆಚೆಗೇ ದೊರೆಯುವಾಗ ಒತ್ತೊತ್ತಾಗಿ ನೆಲಸುವ ಅಗತ್ಯವಾದರೂ ಏನು? ಈ ಪ್ರಶ್ನೆಯ ಹಿಂದೆಯೇ ಪ್ರಾಕ್ತನಶಾಸ್ತ್ರದ ದೊಡ್ಡ ಒಗಟೊಂದಿದೆ: ಹೊಲದ ಬದಿಯಲ್ಲಿ ಬಾಳುತ್ತಿದ್ದ ಮನುಷ್ಯ ಮೊತ್ತಮೊದಲು ನಗರವನ್ನು ಕಟ್ಟಿದುದೇಕೆ?

ಆಸ್ಟ್ರೇಲಿಯದಲ್ಲಿ ಜನಿಸಿದ ವಿದ್ವಾಂಸ ಗಾರ್ಡನ್ ಚೈಲ್ಡ್ ಇದನ್ನು ‘ನಗರ ಕ್ರಾಂತಿ’ ಎಂದು ಕರೆದನು. 1950ರಲ್ಲಿ ಆತ ಆದಿನಗರಗಳ ಹತ್ತು ಲಕ್ಷಣಗಳನ್ನು ಪಟ್ಟಿಮಾಡಿದನು. ಅವುಗಳ ತಿರುಳು ಇಷ್ಟು: ರೈತನು ತನ್ನ ಸಂಸಾರ ಉಂಡು ಮಿಗುವಷ್ಟು ಬೆಳೆಯಬೇಕು, ಆ ಮಿಗುತೆಯನ್ನು ಕರವಾಗಿಯೋ ಕಾಣಿಕೆಯಾಗಿಯೋ ಒಂದೆಡೆ ಕೂಡಿಸುವವರು ಇರಬೇಕು. ಆಗ ಮಾತ್ರ ನೇಗಿಲು ಹಿಡಿಯದ ಕಮ್ಮಾರ, ವರ್ತಕ, ಅರ್ಚಕ, ಅಧಿಕಾರಿಗಳು ಒಂದೇ ಊರಿನಲ್ಲಿ ನೆಲೆನಿಲ್ಲಬಲ್ಲರು.

ಈ ಮಾತನ್ನು ಒರೆಗೆ ಹಚ್ಚಲು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗಿಂತ ಉತ್ತಮ ಸ್ಥಳ ಕನ್ನಡ ನಾಡಿನಲ್ಲಿ ವಿರಳ. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಮೂರು ಸಂಸ್ಕೃತಿಗಳು ಪದರಪದರವಾಗಿ ತೆರೆದುಕೊಂಡವು: ಅಡಿಯಲ್ಲಿ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಕಬ್ಬಿಣದ ಜನ, ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ ವಸತಿ. ಸಮೀಪದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳೂ ದೊರೆತವು.

ಕಾಡು ಕಡಿದು ನೆಲ ಉಳಲು ನೆರವಾದ ಕಬ್ಬಿಣವೇ ನಗರಗಳ ತಾಯಿ ಎಂಬುದು ಒಂದು ವಾದ. ಆದರೆ 1965ರಲ್ಲಿ ಉತ್ಖನನ ನಡೆದ, ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಕಬ್ಬಿಣವು ಕ್ರಿ.ಪೂ. 1000ದ ಸುಮಾರಿಗೇ ಬಳಕೆಗೆ ಬಂದಿತ್ತು. ಇಸಿಲದ ಹೆಸರು ಕಲ್ಲಿನ ಮೇಲೆ ಕಾಣಿಸುವುದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ. ಕೊಡಲಿ ಕೈಗೆ ಬಂದ ಕೂಡಲೇ ನಗರ ಹುಟ್ಟುವುದಾದರೆ ಈ ಏಳುನೂರು ವರ್ಷಗಳ ವಿಳಂಬವೇಕೆ? ಮಿಗುತೆಯನ್ನು ಹೊರಡಿಸುವುದು ಉಪಕರಣವಲ್ಲ, ಅಧಿಕಾರ ಎಂದು ಅಮಲಾನಂದ ಘೋಷ್ 1973ರಲ್ಲಿ ವಾದಿಸಿದರು.

ಹಾಗಾದರೆ ನಗರವು ಮೌರ್ಯರ ಕೊಡುಗೆಯೆ? ಅದೂ ಪೂರ್ಣ ಸತ್ಯವಲ್ಲ. ಮಹಾಮಾತ್ರರನ್ನು ಕಳುಹಿಸಬೇಕಾದರೆ ಅವರು ಆಳಲು ಜನರೂ, ಉಣ್ಣಲು ಧಾನ್ಯವೂ ಮೊದಲೇ ಇರಬೇಕು. ಕ್ರಿ.ಪೂ. ಮೂರನೆಯ ಸಹಸ್ರಮಾನದಿಂದಲೇ ಈ ನಾಡಿನಲ್ಲಿ ದನ ಸಾಕಿ ಬೆಳೆ ತೆಗೆಯುತ್ತಿದ್ದವರು ಆ ಅಡಿಪಾಯವನ್ನು ಹಾಕಿದ್ದರು. ಭೀಮಾತೀರದ ಸನ್ನತಿಯೂ ಇದಕ್ಕೆ ಸಾಕ್ಷಿ. ಅಲ್ಲಿ ಅಶೋಕನ ಶಾಸನವಿದೆ, ಕೋಟೆಯ ಅವಶೇಷವಿದೆ. ಪಕ್ಕದ ಕನಗನಹಳ್ಳಿಯ ಸ್ತೂಪದ ಕಲ್ಲುಗಳಲ್ಲಿ ದಾನಿಗಳ ಹೆಸರುಗಳಿವೆ. ರಾಜಾಜ್ಞೆಯೊಂದರಿಂದಲೇ ಏಳುವ ವೈಭವವಲ್ಲ ಅದು.

ನಗರವು ಆಕಾಶದಿಂದ ಇಳಿದದ್ದಲ್ಲ. ಎಲ್ಲ ಊರುಗಳೂ ಏರಲೇಬೇಕಾದ ಮೆಟ್ಟಿಲೂ ಅಲ್ಲ. ಚದುರಿದ ಮನೆಗಳ ನೆರಿಯದಂತಹ ಗ್ರಾಮಗಳು ಬೇರೊಂದು ಬಾಳಿನ ರೀತಿಯನ್ನು ಉಳಿಸಿಕೊಂಡು ಬಂದಿವೆ. ಇಸಿಲದ ಅಧಿಕಾರಿಗಳ ಪದವಿ ಇಂದಿಗೂ ಬಂಡೆಯ ಮೇಲಿದೆ. ಅವರಿಗೆ ಅನ್ನವಿತ್ತ ರೈತನ ಹೆಸರು ಮಾತ್ರ ಎಲ್ಲಿಯೂ ಇಲ್ಲ.