ಈ ವೈರಸ್ ಯಾರ ಮನೆಯದು?

ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟಿ ದಾಂಡೇಲಿಯನ್ನು ಹಾಯ್ದು ಹರಿಯುವ ಕಾಳಿ ನದಿಯ ನೀರನ್ನು ಒಂದು ಚಮಚದಷ್ಟು ಎತ್ತಿಕೊಳ್ಳಿ. ಮುಂಡಗೋಡದ ಅತ್ತಿವೇರಿ ಜಲಾಶಯದ ನೀರಾದರೂ ಆದೀತು. ಇಂಥ ಸಿಹಿನೀರಿನ ಪ್ರತಿ ಮಿಲಿಲೀಟರಿನಲ್ಲೂ ಸಾಮಾನ್ಯವಾಗಿ ಹತ್ತು ಲಕ್ಷಕ್ಕೂ ಮಿಕ್ಕಿ ವೈರಸ್‌ಗಳಿರುತ್ತವೆ. ಗಾಬರಿ ಬೇಡ. ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಗಳಿಗೆ ಮಾತ್ರ ಸೋಂಕು ತಗಲಿಸುವ ‘ಫೇಜ್’ಗಳು. ಸಾಮಾನ್ಯವಾಗಿ ಒಂದು ಫೇಜ್‌ಗೆ ಆತಿಥೇಯವಾಗುವ ಬ್ಯಾಕ್ಟೀರಿಯಗಳು ಕೆಲವೇ ಕೆಲವು. ಯಾವ ಫೇಜ್‌ಗೆ ಯಾವ ಬ್ಯಾಕ್ಟೀರಿಯ ಎಂದು ತಿಳಿಯುವುದು ಹೇಗೆ?

ಹಳೆಯ ವಿಧಾನ ಸರಳ. ತಟ್ಟೆಯಲ್ಲಿ ಬ್ಯಾಕ್ಟೀರಿಯ ಬೆಳೆಸಿ ಅದರ ಮೇಲೆ ಫೇಜ್ ದ್ರಾವಣ ಹನಿಸಿದರೆ, ಬ್ಯಾಕ್ಟೀರಿಯ ಸತ್ತೆಡೆ ತಿಳಿಯಾದ ಚುಕ್ಕೆ ಮೂಡುತ್ತದೆ. 1917ರಲ್ಲಿ ಫೇಜ್‌ಗಳಿಗೆ ಹೆಸರಿಟ್ಟ ಫೆಲಿಕ್ಸ್ ದೆರೆಲ್ ಇಂಥ ಚುಕ್ಕೆಗಳನ್ನು ಗಮನಿಸಿದ್ದರು. ಆದರೆ ನಿಸರ್ಗದ ಬಹುತೇಕ ಬ್ಯಾಕ್ಟೀರಿಯಗಳು ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಆಗ ಡಿಎನ್‌ಎಯೇ ಸಾಕ್ಷಿ ಹೇಳಬೇಕು.

ಹಳಿಯಾಳದ ಗೌಳಿ ಕುಟುಂಬದ ಗಡಿಗೆಯಲ್ಲಾಗಲಿ, ಪೇಟೆಯ ಡೇರಿಯಲ್ಲಾಗಲಿ ಹಾಲು ಮೊಸರಾಗುವುದು ಬ್ಯಾಕ್ಟೀರಿಯಗಳಿಂದ. ಡೇರಿಗಳು ಬಳಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯದ ಮೇಲೆ ಫೇಜ್ ಬಿಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬದುಕುಳಿದ ಬ್ಯಾಕ್ಟೀರಿಯಗಳು ಫೇಜ್‌ನ ಡಿಎನ್‌ಎಯಿಂದ ಸುಮಾರು 30 ಅಕ್ಷರಗಳ ತುಣುಕುಗಳನ್ನು ತಮ್ಮ ಡಿಎನ್‌ಎಯ ‘ಕ್ರಿಸ್ಪರ್’ ಭಾಗದಲ್ಲಿ ಸೇರಿಸಿಕೊಂಡಿದ್ದವು. ಇದು ಠಾಣೆಯಲ್ಲಿ ಕಳ್ಳನ ಬೆರಳಚ್ಚು ಇಟ್ಟುಕೊಂಡಂತೆ. ನೀರಿನಲ್ಲಿ ಸಿಕ್ಕ ಅಪರಿಚಿತ ಫೇಜ್‌ನ ಡಿಎನ್‌ಎ ಯಾವ ಬ್ಯಾಕ್ಟೀರಿಯದ ಬೆರಳಚ್ಚಿಗೆ ಹೊಂದುತ್ತದೋ ಅದೇ, ಇಲ್ಲವೇ ಅದರ ಹತ್ತಿರದ ಬಂಧು, ಆತಿಥೇಯ ಎಂದು ಊಹಿಸಬಹುದು.

ಆದರೆ ಎಲ್ಲ ಬ್ಯಾಕ್ಟೀರಿಯಗಳಲ್ಲೂ ಈ ದಾಖಲೆ ಇರುವುದಿಲ್ಲ. ಅಲ್ಲಿ ಇನ್ನೊಂದು ಉಪಾಯವುಂಟು. ಸೋಂಕು ತಗಲಿದ ಜೀವಕೋಶದಲ್ಲಿ ಎರಡರ ಡಿಎನ್‌ಎಯೂ ಅಕ್ಕಪಕ್ಕದಲ್ಲಿರುತ್ತವೆ. ಫಾರ್ಮಾಲ್ಡಿಹೈಡ್ ಬಳಸಿ ಅವನ್ನು ಇದ್ದಲ್ಲೇ ಬಂಧಿಸಿ, ಕತ್ತರಿಸಿ, ತುದಿಗಳನ್ನು ಬೆಸೆದು ಓದಿದರೆ ಜೋಡಿ ಬಯಲಾಗುತ್ತದೆ.

ಇಂಥ ಊಹೆಗಳನ್ನು ನಂಬಬಹುದೆ? 2014ರಲ್ಲಿ ಮನುಷ್ಯರ ಕರುಳಿನ ಡಿಎನ್‌ಎ ಮಾಹಿತಿಯಲ್ಲಿ ‘ಕ್ರಾಸ್‌ಫೇಜ್’ ಎಂಬ ವೈರಸ್ ಪತ್ತೆಯಾಯಿತು. ಅದರ ಆತಿಥೇಯ ಬ್ಯಾಕ್ಟೀರಾಯ್ಡಿಸ್ ಗುಂಪಿನದಿರಬೇಕೆಂದು ಗಣಕ ಸೂಚಿಸಿತು. 2018ರಲ್ಲಿ ಅದರ ಸಂಬಂಧಿ ಫೇಜ್ ಒಂದನ್ನು ಪ್ರಯೋಗಾಲಯದಲ್ಲಿ ಬೆಳೆಸಿದಾಗ ಆತಿಥೇಯವಾಗಿ ದೊರೆತದ್ದು ಆ ಗುಂಪಿನ ಬ್ಯಾಕ್ಟೀರಿಯವೇ! ಆದರೂ ಊಹೆಗೆ ಪ್ರಯೋಗದ ಮುದ್ರೆ ಬೇಕೇ ಬೇಕು.

ಇದು ಬರಿಯ ಕುತೂಹಲದ ವಿಷಯವಲ್ಲ. ಆಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳ ಮೇಲೆ ಫೇಜ್‌ಗಳನ್ನು ಮದ್ದಾಗಿ ಪ್ರಯೋಗಿಸಲಾಗುತ್ತಿದೆ. ಮನೆ ತಪ್ಪಿದ ಫೇಜ್‌ನಿಂದ ರೋಗಿಗೆ ಪ್ರಯೋಜನವಿಲ್ಲ. ಮದ್ದಿಗೂ ಮೊದಲು ವಿಳಾಸ ಸರಿಯಿರಬೇಕು.