ಹೊಗೆ ಹೆಚ್ಚಿದರೆ ಮಂಜು ದಟ್ಟವಾಗುವುದೇಕೆ?



ಚಳಿಗಾಲದ ಬೆಳಿಗ್ಗೆ ಹೊಲಗದ್ದೆಗಳ ಮೇಲೆ ಕವಿಯುವ ಮಂಜನ್ನು ನಾವೆಲ್ಲರೂ ಬಲ್ಲೆವು. ಇದು ಆಕಾಶದಿಂದ ಇಳಿಯುವುದಲ್ಲ. ನೆಲದ ಬಳಿಯ ಗಾಳಿಯಲ್ಲಿಯೇ ಹುಟ್ಟುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ಆರುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣ್ಣನೆಯ ಗಾಳಿಯು ಹೆಚ್ಚು ನೀರಾವಿಯನ್ನು ಹಿಡಿದಿಡಲಾರದು. ಮಿಕ್ಕ ಆವಿಯು ಸಣ್ಣ ಹನಿಗಳಾಗುತ್ತದೆ.

ಆದರೆ ಹನಿ ಕಟ್ಟಲು ಒಂದು ಆಸರೆ ಬೇಕು. ಇಬ್ಬನಿಗೆ ಹುಲ್ಲಿನ ಎಸಳು ಆಸರೆ. ಮಂಜಿಗೆ ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣಗಳು ಆಸರೆ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಎಂಬ ವಿಜ್ಞಾನಿ 1880ರ ಸುಮಾರಿಗೆ ಇದನ್ನು ಪ್ರಯೋಗದಿಂದ ತೋರಿಸಿದರು. ಒಂದು ಗಾಜಿನ ಪಾತ್ರೆಯಲ್ಲಿ ಸಾಮಾನ್ಯ ಗಾಳಿ, ಇನ್ನೊಂದರಲ್ಲಿ ಹತ್ತಿಯಲ್ಲಿ ಸೋಸಿದ ಗಾಳಿ. ಎರಡಕ್ಕೂ ಹಬೆ ಬಿಟ್ಟಾಗ ಮೊದಲನೆಯದರಲ್ಲಿ ಮಾತ್ರ ಮಂಜು ಕವಿಯಿತು.

ಹೊಗೆ ಹೆಚ್ಚಿದರೆ ಇದ್ದಷ್ಟೇ ನೀರು ಹೆಚ್ಚು ಕಣಗಳಿಗೆ ಹಂಚಿಹೋಗುತ್ತದೆ. ಹನಿಗಳು ಬಹು ಸಣ್ಣವಾಗಿ, ಬಹು ಸಂಖ್ಯೆಯಲ್ಲಿರುತ್ತವೆ. ಇಂಥ ಹನಿಗಳು ಬೇಗ ನೆಲಕ್ಕಿಳಿಯುವುದಿಲ್ಲ, ಕಣ್ಣಿಗೆ ದಾರಿ ಕಾಣಗೊಡುವುದಿಲ್ಲ. ಹೊಗೆಯ ತೆರೆಯು ಬಿಸಿಲನ್ನೂ ತಡೆಯುವುದರಿಂದ ಮಂಜು ಕರಗುವುದು ತಡವಾಗುತ್ತದೆ.

1952ರ ಡಿಸೆಂಬರಿನಲ್ಲಿ ಲಂಡನ್ ನಗರದಲ್ಲಿ ಕಲ್ಲಿದ್ದಲಿನ ಹೊಗೆಯೂ ಮಂಜೂ ಬೆರೆತು ಐದು ದಿನ ನಿಂತವು. ಉಸಿರಾಟದ ತೊಂದರೆಯಿಂದ ಸಾವಿರಾರು ಜನರು ಸತ್ತರು. ಆ ಬಳಿಕ 1956ರಲ್ಲಿ ಅಲ್ಲಿ ಹೊಗೆಯನ್ನು ಹತೋಟಿಗೆ ತರುವ ಕಾಯಿದೆಯಾಯಿತು. ನಮ್ಮ ದೇಶದಲ್ಲಿಯೂ ಗಂಗಾ ಬಯಲಿನಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹೊಗೆ ಬೆರೆತ ಮಂಜು ರೈಲುಗಳನ್ನು ತಡೆಯುತ್ತದೆ, ರಸ್ತೆಗಳಲ್ಲಿ ಪ್ರಾಣ ತೆಗೆಯುತ್ತದೆ.

ಮಂಜು ನಿಸರ್ಗದ್ದು, ಶುದ್ಧ ಗಾಳಿಯ ಮಲೆನಾಡಿನಲ್ಲಿಯೂ ಅದು ಬರುತ್ತದೆ. ಹೊಗೆಯನ್ನು ಅದಕ್ಕೆ ಸೇರಿಸುವವರು ನಾವು. ಆದ್ದರಿಂದ ಕಬ್ಬಿನ ರವದಿಗೆ ಬೆಂಕಿ ಹಚ್ಚಬೇಡಿ. ಸಾಲುಗಳ ನಡುವೆ ಹರಡಿದರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಕಸಕಡ್ಡಿಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕಿರಿ. ಮಂಜು ಕವಿದ ಬೆಳಿಗ್ಗೆ ಕಬ್ಬಿನ ಗಾಡಿ, ಟ್ರ್ಯಾಕ್ಟರು ಹೊರಡಿಸುವುದಾದರೆ ಹಿಂದುಗಡೆ ಕೆಂಪು ದೀಪ ಕಟ್ಟುವುದನ್ನು ಮರೆಯಬೇಡಿ.