‘ಸೆಟ್’ ಎಂಬ ಕೂಡು ಕುಟುಂಬ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು ಎಂದರೆ ಬಾಯಿ ತುಂಬುವ ಪಂಡಿತ ಪದವನ್ನೇನೂ ಹುಡುಕಬೇಕಿಲ್ಲ. ಬಹುಕಾಲ ಆ ಪಟ್ಟ ‘ಸೆಟ್’ ಎಂಬ ಪುಟ್ಟ ಪದದ್ದಾಗಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿ ಅದಕ್ಕೆ ಸುಮಾರು 430 ಅರ್ಥ ಕೊಟ್ಟಿತು. ವಿವರಣೆಯೇ ಹೆಚ್ಚುಕಡಿಮೆ 60,000 ಪದ, ಒಂದು ಕಾದಂಬರಿಗೆ ಸಾಕು!

ಸೂರ್ಯ ಮುಳುಗಿದರೂ ಸೆಟ್, ಮುರಿದ ಮೂಳೆ ಕೂರಿಸಿದರೂ ಸೆಟ್. ಊಟಕ್ಕೆ ಮೇಜು ಅಣಿಮಾಡಿದರೂ, ಅಚ್ಚಿನ ಮೊಳೆ ಜೋಡಿಸಿದರೂ ಅದೇ. ಇವೆಲ್ಲದರ ಬುಡದಲ್ಲಿರುವುದು ‘ಕೂರಿಸು’ ಎಂಬ ಹಳೆಯ ಅರ್ಥ. ‘ಸಿಟ್’ ಅದರ ಒಡಹುಟ್ಟು. ಪಾತ್ರೆ ಸೆಟ್ಟು, ಬಳೆ ಸೆಟ್ಟು ಮಾತ್ರ ಬೇರೆ ಮನೆತನದವು. ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಪಂಥ, ಹಳೆಯ ಫ್ರೆಂಚಿನ ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಸದ್ದು ಒಂದೇ ಆದದ್ದರಿಂದ ‘ಕೂರಿಸು’ವಿನ ಮನೆಯಲ್ಲೇ ಬೀಡುಬಿಟ್ಟಿತು.

ಕನ್ನಡಕ್ಕೆ ಎರಡೂ ಮನೆತನ ಬಂದಿವೆ. ಸೆಟ್ ದೋಸೆ, ಪಂಪ್‌ಸೆಟ್ ಸೆಕ್ಟಾದ ಕಡೆಯವು. ‘ಕಾಂಕ್ರೀಟ್ ಸೆಟ್ ಆಗ್ಲಿ, ಆಮೇಲೆ ಓಡಾಡಿ’ ಎನ್ನುವ ಗಾರೆ ಮೇಸ್ತ್ರಿಯದು ‘ಕೂರಿಸು’ವಿನ ಕಡೆಯದು. ಗಣಿತದ ಪಠ್ಯ ಮಾತ್ರ ಗುಂಪಿನ ಅರ್ಥದ ಸೆಟ್ಟನ್ನು ‘ಗಣ’ ಮಾಡಿಕೊಂಡಿತು. ‘ಅವರಿಬ್ಬರಿಗೂ ಸೆಟ್ ಆಗಲ್ಲ ಬಿಡಿ’ ಅನ್ನುತ್ತೇವಲ್ಲ, ಆ ಅರ್ಥ ಆಕ್ಸ್‌ಫರ್ಡಿನವರಿಂದ ಕಡ ತಂದದ್ದಲ್ಲ; ಅದು ನಮ್ಮ ಬೀದಿಯದೇ ಉತ್ಪನ್ನ.

ಈಗ ಸೆಟ್‌ನ ಪಟ್ಟ ಹೋಗಿದೆ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತು ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳನ್ನು ಬಿಡಿಸಿದರು. ಕಾಲಿದ್ದವರು ಮಾತ್ರ ಓಡುತ್ತಿದ್ದ ಕಾಲ ಹೋಗಿ ರೈಲು, ಎಂಜಿನ್ನು, ಕಾರ್ಖಾನೆ, ಕೊನೆಗೆ ಕಂಪ್ಯೂಟರಿನ ಪ್ರೋಗ್ರಾಮೂ ಓಡತೊಡಗಿದ್ದು ಇದಕ್ಕೆ ಒಂದು ಕಾರಣ. ಯಂತ್ರ ಬಂದಲ್ಲೆಲ್ಲ ರನ್ನಿಗೆ ಕೆಲಸ ಸಿಕ್ಕಿತು.

ಆದರೆ ಈ ಅಂಕಿಗಳನ್ನು ಪೂರ್ತಿ ನಂಬಲು ನನಗೆ ಮನಸ್ಸಿಲ್ಲ. ನದಿ ಹರಿಯುವುದು, ಮೂಗು ಸೋರುವುದು, ಒಗೆದ ಬಟ್ಟೆ ಬಣ್ಣ ಬಿಡುವುದು ಮೂರಕ್ಕೂ ಇಂಗ್ಲಿಷಿನಲ್ಲಿ ರನ್. ಇದು ಒಂದು ಅರ್ಥವೋ, ಮೂರೋ? ಎಲ್ಲಿ ಕತ್ತರಿಸಬೇಕೆಂಬುದು ನಿಘಂಟುಕಾರನ ವಿವೇಚನೆ. ಇನ್ನೊಬ್ಬರು ಕೂತಿದ್ದರೆ 500ಕ್ಕೇ ನಿಲ್ಲಿಸುತ್ತಿದ್ದರೇನೋ. ಅದೂ ಕ್ರಿಯಾಪದದ ಲೆಕ್ಕ ಮಾತ್ರ. ಕ್ರಿಕೆಟಿನಲ್ಲಿ ದ್ರಾವಿಡ್ ಕಲೆಹಾಕಿದ ರನ್ನು ನಾಮಪದ, ಅದರ ಖಾತೆ ಬೇರೆ.